ದೂರಸಂಪರ್ಕದ ಮಾನದಂಡಗಳು ಮತ್ತು ಗ್ರಾಮಜೀವನ

ಅಳತೆಯೆಂಬುದು ಮನುಷ್ಯರು ಪರಸ್ಪರ ನಂಬಿಕೆಯಿಂದ ಮಾಡಿಕೊಂಡ ಮೊದಲ ಒಪ್ಪಂದಗಳಲ್ಲಿ ಒಂದು. ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಯ ಹಿರಿಯ ತಲೆಮಾರಿನವರು ಸೇರು, ಪಡಿ, ಕೊಳಗ, ಗೇಣು, ಮೊಳ, ಮಾರುಗಳ ಲೆಕ್ಕದಲ್ಲಿ ಬಾಳಿದವರು. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸರಿಹೊಂದುತ್ತಿರಲಿಲ್ಲ. ಸಂತೆಯಲ್ಲಿ ಅಳೆಸಿಕೊಂಡ ಜೋಳ ಮನೆಯ ಸೇರಿನಲ್ಲಿ ಕಡಿಮೆ ಬಿದ್ದರೆ ಮಾರಿದವನು ಮೋಸಗಾರನೋ ಅಥವಾ ಸೇರೇ ಬೇರೆಯೋ ಎಂಬುದು ತೀರ್ಮಾನವಾಗದ ಜಗಳವಾಗಿ ಉಳಿಯುತ್ತಿತ್ತು. 1956ರಲ್ಲಿ ತೂಕ ಮತ್ತು ಅಳತೆಗಳ ಶಾಸನ ಬಂದು ಕಿಲೋಗ್ರಾಂ, ಮೀಟರುಗಳು ದೇಶಕ್ಕೆಲ್ಲ ಒಂದೇ ಆದ ಮೇಲೆ ಆ ಜಗಳ ಕ್ರಮೇಣ ಮರೆಯಾಯಿತು. ಅಳತೆಯು ಸರಿಯಾಗಿರುವಾಗ ಅದು ಇದೆಯೆಂಬುದೇ ಯಾರ ಗಮನಕ್ಕೂ ಬರುವುದಿಲ್ಲ.

ಈ ಸೀಮೆಗೆ ಮಾನದಂಡದ ವಿಚಾರ ಹೊಸದಲ್ಲ. ವಿಜಯನಗರದ ಅರಸರ ಟಂಕಸಾಲೆಯಲ್ಲಿ ಹೊರಟ ವರಾಹವೆಂಬ ಚಿನ್ನದ ನಾಣ್ಯ ಸುಮಾರು 3.4 ಗ್ರಾಂ ತೂಗುತ್ತಿತ್ತು. ಪೋರ್ಚುಗೀಸರು ಅದನ್ನು ಪರ್ದಾವೊ ಎಂದರು; ಅನಂತರ ಬಂದ ಯೂರೋಪಿನ ವರ್ತಕರು ಪಗೋಡ ಎಂದರು. ಹೆಸರು ಯಾವುದಾದರೇನು, ತೂಕ ಮಾತ್ರ ನಂಬತಕ್ಕದ್ದಾಗಿತ್ತು. 1565ರಲ್ಲಿ ಸಾಮ್ರಾಜ್ಯದ ರಾಜಧಾನಿ ಹಾಳಾಯಿತು. ಆದರೆ ಆ ನಾಣ್ಯದ ಮಾನ ಹಾಳಾಗಲಿಲ್ಲ. ಮದರಾಸಿನ ಈಸ್ಟ್ ಇಂಡಿಯಾ ಕಂಪನಿಯವರು ಕೂಡ ತಮ್ಮ ವ್ಯಾಪಾರಕ್ಕಾಗಿ ಅದೇ ಮಾದರಿಯ ಪಗೋಡಗಳನ್ನು ಅಚ್ಚುಹಾಕಿಸಬೇಕಾಯಿತು. ಮಾನವನ್ನು ನಿರ್ಮಿಸಿದವನ ಅಧಿಕಾರ ಹೋದ ಮೇಲೆಯೂ ಅವನು ನಿರ್ಮಿಸಿದ ಮಾನ ಲೋಕವನ್ನು ಆಳುತ್ತದೆ ಎಂಬುದಕ್ಕೆ ಹಂಪೆಗಿಂತ ಹತ್ತಿರದ ಸಾಕ್ಷ್ಯ ಕುರೆಕುಪ್ಪದ ವಿದ್ಯಾರ್ಥಿಗಳಿಗೆ ದೊರೆಯಲಾರದು.

ಮಾನದಂಡಗಳು ಬೇರೆಬೇರೆಯಾದರೆ ಏನಾಗುತ್ತದೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಗುಂತಕಲ್ಲಿನಿಂದ ಬಳ್ಳಾರಿ, ತೋರಣಗಲ್ಲು, ಹೊಸಪೇಟೆಗಳ ಮೂಲಕ ಹುಬ್ಬಳ್ಳಿಯತ್ತ ಸಾಗುವ ರೈಲುದಾರಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮೀಟರ್ ಗೇಜಿನಲ್ಲಿ ನಿರ್ಮಾಣವಾಯಿತು. ಗುಂತಕಲ್ಲಿನ ಮೂಲಕ ಮದರಾಸು, ಮುಂಬಯಿಗಳನ್ನು ಜೋಡಿಸುವ ಹಳಿಯಾದರೋ ಬ್ರಾಡ್ ಗೇಜಿನದು. ಅಲ್ಲಿ ಎರಡು ಹಳಿಗಳು ಕೂಡುತ್ತಿದ್ದವು, ಬಂಡಿಗಳು ಮಾತ್ರ ಕೂಡುತ್ತಿರಲಿಲ್ಲ. ಗೇಜು ಬದಲಾಗುವ ಕಡೆಯಲ್ಲೆಲ್ಲ ಸರಕನ್ನು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಾಗುತ್ತಿತ್ತು. ಎರಡು ಹಳಿಗಳ ಅಗಲದ ವ್ಯತ್ಯಾಸವನ್ನು ಹಮಾಲರ ಬೆನ್ನು ಹೊತ್ತಿತು.

ತಂತಿ ಸಮಾಚಾರದ ಆರಂಭಕಾಲವೂ ಹೀಗೆಯೇ ಇತ್ತು. ಯೂರೋಪಿನಲ್ಲಿ ಒಂದು ದೇಶದ ತಂತಿ ಗಡಿಯ ಠಾಣೆಯಲ್ಲಿ ನಿಲ್ಲುತ್ತಿತ್ತು. ಅಲ್ಲಿನ ನೌಕರನು ಬಂದ ಸಂದೇಶವನ್ನು ಕಾಗದದ ಮೇಲೆ ಬರೆದು ಆಚೆಯ ದೇಶದ ನೌಕರನ ಕೈಗೆ ಕೊಡುತ್ತಿದ್ದನು. ಅವನು ಅದನ್ನು ತನ್ನ ದೇಶದ ಕ್ರಮದಲ್ಲಿ ಮರಳಿ ಕಳಿಸುತ್ತಿದ್ದನು. ಮಿಂಚಿನ ವೇಗದಲ್ಲಿ ಬಂದ ಸುದ್ದಿ ಮೇಜಿನ ಮೇಲೆ ಸರದಿಗಾಗಿ ಕಾಯುತ್ತಿತ್ತು. ಈ ವಿಪರ್ಯಾಸಕ್ಕೆ ಪರಿಹಾರ ಹುಡುಕಲು 20 ರಾಷ್ಟ್ರಗಳ ಪ್ರತಿನಿಧಿಗಳು 1865ರ ಮೇ 17ರಂದು ಪ್ಯಾರಿಸ್ ನಗರದಲ್ಲಿ ಒಡಂಬಡಿಕೆಗೆ ಸಹಿಮಾಡಿದರು. ಅಂದು ಹುಟ್ಟಿದ ಅಂತರರಾಷ್ಟ್ರೀಯ ತಂತಿ ಒಕ್ಕೂಟವೇ ಇಂದಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಭಾರತವು 1869ರಿಂದ ಅದರ ಸದಸ್ಯ. ಆಗ ಇದ್ದುದು ಬ್ರಿಟಿಷರ ಆಳ್ವಿಕೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. 1947ರಲ್ಲಿ ಅದು ವಿಶ್ವಸಂಸ್ಥೆಯ ಅಂಗಸಂಸ್ಥೆಯಾಗುವ ಒಪ್ಪಂದವಾಯಿತು. ದುಬೈಯಲ್ಲಿ ದುಡಿಯುವ ಮಗನು ಹಳ್ಳಿಯಲ್ಲಿರುವ ತಾಯಿಗೆ ಕರೆಮಾಡುವಾಗ ಮೊದಲು ಒತ್ತುವ 91 ಎಂಬ ಅಂಕಿ ಆ ಒಕ್ಕೂಟದ ಸಂಖ್ಯಾಯೋಜನೆಯಿಂದ ಬಂದದ್ದು. ಲೋಕದ ಯಾವ ದೂರವಾಣಿ ಸಂಖ್ಯೆಯೂ ದೇಶದ ಅಂಕಿ ಸೇರಿ 15 ಅಂಕಿಗಳನ್ನು ಮೀರಬಾರದೆಂಬ ನಿಯಮವೂ ಅದರದೇ. ಇಂಥ ನಿಯಮಗಳಿಂದ ಯಾರಿಗೂ ನಷ್ಟವಿಲ್ಲ, ಎಲ್ಲರಿಗೂ ಲಾಭ. ಇಲ್ಲಿಯವರೆಗೆ ವಿವಾದಕ್ಕೆ ಎಡೆಯಿಲ್ಲ.

ವಿವಾದವು ಆರಂಭವಾಗುವುದು ಮಾನದಂಡವು ಬರಿಯ ಒಪ್ಪಂದವಾಗಿರದೆ ಬದುಕಿನ ಒಂದು ಚಿತ್ರವನ್ನು ತನ್ನೊಳಗೆ ಅಡಗಿಸಿಕೊಂಡಿರುವಾಗ. ಯಂತ್ರವನ್ನು ಕಟ್ಟುವವನು ಅದನ್ನು ಬಳಸುವವನನ್ನು ಮೊದಲು ಊಹಿಸಿಕೊಳ್ಳುತ್ತಾನೆ. ಆ ಊಹೆಯೇ ಅಂಕಿಗಳಾಗಿ ಮಾನದಂಡದೊಳಗೆ ಸೇರುತ್ತದೆ. ಊಹೆ ಮಾಡಿದವನು ಕಂಡಿದ್ದ ಊರು ಒಂದು, ಯಂತ್ರ ಬಂದು ನಿಲ್ಲುವ ಊರು ಇನ್ನೊಂದು.

ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮಗಳಲ್ಲಿ ಒಂದಾಗಿ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. 1960ರ ದಶಕದಲ್ಲಿ ಅಲ್ಲಿ ಬೆಲ್ಜಿಯಂ ಮೂಲಕ ಬಂದ ಪೆಂಟಾಕೊಂಟಾ ಎಂಬ ಕ್ರಾಸ್‌ಬಾರ್ ವಿನಿಮಯ ಯಂತ್ರಗಳ ತಯಾರಿಕೆ ಆರಂಭವಾಯಿತು. ಯಂತ್ರ ಕೆಟ್ಟದ್ದಲ್ಲ, ಅದು ಹುಟ್ಟಿದ ದೇಶದಲ್ಲಿ ಒಂದು ಫೋನಿನಿಂದ ದಿನಕ್ಕೆ ಕೆಲವೇ ಕರೆಗಳು ಹೋಗುತ್ತಿದ್ದವು. ಭಾರತದಲ್ಲಾದರೋ ಒಂದು ಫೋನೆಂದರೆ ಇಡೀ ಬೀದಿಯ ಫೋನು. ಕಿರಾಣಿ ಅಂಗಡಿಯ ಶೆಟ್ಟರ ಗಲ್ಲಾದ ಪಕ್ಕದಲ್ಲಿದ್ದ ಒಂದೇ ಫೋನಿಗೆ ಅಕ್ಕಪಕ್ಕದ ಹತ್ತು ಮನೆಯವರು ಬಂದು ಕಾಯುತ್ತಿದ್ದರು. ಒಂದು ತಂತಿಯ ಮೇಲೆ ಬೀಳುವ ಕರೆಗಳ ಭಾರ ಯಂತ್ರದ ಕಲ್ಪನೆಗೆ ಮೀರಿದುದಾಗಿ ಅದು ಪದೇ ಪದೇ ತೊಡಕಿಗೆ ಸಿಲುಕಿತು. ಆಗ ಜನರು ಇಲಾಖೆಯನ್ನು ಬೈದರು. ಇಲಾಖೆ ಜನರ ಮಿತಿಮೀರಿದ ಬಳಕೆಯನ್ನು ದೂರಿತು. ವಾಸ್ತವದಲ್ಲಿ ತಪ್ಪಿದ್ದುದು ಒಂದು ಅಂಕಿ. ಭಾರತೀಯ ಎಂಜಿನಿಯರುಗಳು ಆ ವ್ಯವಸ್ಥೆಯನ್ನು ಇಲ್ಲಿನ ಬಳಕೆಗೆ ತಕ್ಕಂತೆ ತಿದ್ದಿ ಬೇರೊಂದು ಕ್ರಾಸ್‌ಬಾರನ್ನೇ ರೂಪಿಸಬೇಕಾಯಿತು.

ಅದರ ಪಾಠವನ್ನು ಸರಿಯಾಗಿ ಕಲಿತದ್ದು 1984ರ ಆಗಸ್ಟ್‌ನಲ್ಲಿ ಸ್ಥಾಪನೆಯಾದ ಸಿ–ಡಾಟ್ ಸಂಸ್ಥೆ. ಸ್ಯಾಮ್ ಪಿತ್ರೋಡಾ ಅದರ ಪ್ರೇರಕರು, ಜಿ. ಬಿ. ಮೀಮಾಂಸಿ ಅದರ ಮೊದಲ ಕಾರ್ಯನಿರ್ವಾಹಕ ನಿರ್ದೇಶಕರು. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಆ ಸಂಸ್ಥೆಗೆ ವಿಧಿಸಲಾದ ಗಡುವು ಮತ್ತು ವೆಚ್ಚ. ಹೊರದೇಶದ ವಿನಿಮಯ ಕೇಂದ್ರಗಳು ಸಾವಿರಾರು ಚಂದಾದಾರರಿರುವ ಪಟ್ಟಣಗಳಿಗೆ ಹೇಳಿ ಮಾಡಿಸಿದವು. ಅವನ್ನು ಹವಾನಿಯಂತ್ರಿತ ಕೊಠಡಿಯಲ್ಲಿ ಇಡಬೇಕಾಗಿತ್ತು. ಹಳ್ಳಿಗೆ ಬೇಕಾದುದು ನೂರರ ಲೆಕ್ಕದ ಚಿಕ್ಕ ಯಂತ್ರ. ಅದು ಧೂಳಿನಲ್ಲಿ, ಬೇಸಗೆಯ ಸೆಕೆಯಲ್ಲಿ, ಬಂದುಹೋಗುವ ವಿದ್ಯುತ್ತಿನಲ್ಲಿ ನಿಲ್ಲಬೇಕು. ಸಿ–ಡಾಟ್ ಈ ಪ್ರಶ್ನೆಯನ್ನೇ ಮೊದಲು ಇಟ್ಟುಕೊಂಡು 128 ಕೊಂಡಿಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ರೂಪಿಸಿತು. ಹವಾನಿಯಂತ್ರಣವಿಲ್ಲದೆ ನಡೆಯುವ ಆ ಪೆಟ್ಟಿಗೆ ಮೊದಲು ಕೆಲಸಕ್ಕೆ ನಿಂತದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರೆಂದು ಮಕ್ಕಳಿಗೆ ಪಾಠವಾಗುವ ಕಿತ್ತೂರಿನ ಈ ಎರಡನೆಯ ಕೀರ್ತಿ ಪಠ್ಯಪುಸ್ತಕಗಳಲ್ಲಿ ಕಾಣಿಸದಿರುವುದು ವಿಷಾದದ ಸಂಗತಿ.

ತಂತಿಯ ಕಾಲ ಹೋಗಿ ಕೈಫೋನಿನ ಕಾಲ ಬಂದ ಮೇಲೆಯೂ ಸಮಸ್ಯೆಯ ಸ್ವರೂಪ ಬದಲಾಗಲಿಲ್ಲ. ಕಿರುಸಂದೇಶದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 1980ರ ದಶಕದಲ್ಲಿ ಯೂರೋಪಿನ ತಜ್ಞರು ಒಂದು ಸಂದೇಶಕ್ಕೆ 1120 ಬಿಟ್ಟುಗಳ ಜಾಗವನ್ನು ಗೊತ್ತುಮಾಡಿದರು. ಇಂಗ್ಲಿಷಿನ ಒಂದು ಅಕ್ಷರಕ್ಕೆ 7 ಬಿಟ್ಟು ಸಾಕು. ಆದುದರಿಂದ 160 ಅಕ್ಷರ. ಕನ್ನಡದ ಸಂಕೇತಕ್ಕೆ 16 ಬಿಟ್ಟು ಬೇಕು, ಆದುದರಿಂದ 70. ಅಷ್ಟಕ್ಕೇ ಮುಗಿಯಲಿಲ್ಲ. ‘ಸ್ತ್ರೀ’ ಎಂಬುದು ಓದುವವನಿಗೆ ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಸಕಾರ, ತಕಾರ, ರಕಾರ, ನಡುವಿನ ಎರಡು ಹಲಂತ ಚಿಹ್ನೆಗಳು ಮತ್ತು ದೀರ್ಘ ಈಕಾರ ಸೇರಿ ಆರು ಸಂಕೇತಗಳು. ಇಂಗ್ಲಿಷಿನಲ್ಲಿ ಒಂದೇ ಸಂದೇಶದಲ್ಲಿ ಮುಗಿಯುವ ವಿಷಯ ಕನ್ನಡದಲ್ಲಿ ಎರಡು ಮೂರು ಸಂದೇಶಗಳಾಯಿತು. ಹಣವೂ ಅಷ್ಟು ಪಟ್ಟು ಆಯಿತು. ಬ್ಯಾಂಕು, ಕಚೇರಿ, ಕಂಪನಿಗಳು ಕನ್ನಡದ ಗ್ರಾಹಕರಿಗೂ ಇಂಗ್ಲಿಷಿನಲ್ಲೇ ಸಂದೇಶ ಕಳಿಸುವುದಕ್ಕೆ ಭಾಷಾಭಿಮಾನದ ಕೊರತೆಯೊಂದೇ ಕಾರಣವೆಂದು ವೇದಿಕೆಗಳ ಮೇಲೆ ಗುಡುಗುವವರು ಈ 1120 ಬಿಟ್ಟುಗಳ ಕಡೆಗೂ ಒಮ್ಮೆ ನೋಡಬೇಕಾಗಿತ್ತು. ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳಿಗೆ 7 ಬಿಟ್ಟುಗಳ ಪ್ರತ್ಯೇಕ ಕೋಷ್ಟಕಗಳು ಅಂತರರಾಷ್ಟ್ರೀಯ ಮಾನದಂಡದಲ್ಲಿ ಸೇರಿದ್ದು ಅದರ ಒಂಬತ್ತನೆಯ ಆವೃತ್ತಿಯಲ್ಲಿ, ಅಂದರೆ 2009ರ ಸುಮಾರಿಗೆ. ಅವುಗಳಿಂದ ಕನ್ನಡದಲ್ಲಿಯೂ ಒಂದು ಸಂದೇಶಕ್ಕೆ 150ಕ್ಕೂ ಹೆಚ್ಚು ಸಂಕೇತಗಳನ್ನು ಹಿಡಿಸಲು ಸಾಧ್ಯವಿತ್ತು. ಆದರೆ ಅಷ್ಟರಲ್ಲಿ ಕೋಟ್ಯಂತರ ಫೋನುಗಳು ಜನರ ಕೈ ಸೇರಿದ್ದವು. ಕೋಷ್ಟಕ ಕಾಗದದಲ್ಲಿ ಉಳಿಯಿತೇ ಹೊರತು ಬಳಕೆಯಲ್ಲಿ ವ್ಯಾಪಕವಾಗಲಿಲ್ಲ. ಫೋನುಗಳಲ್ಲಿ ಭಾರತೀಯ ಲಿಪಿಗಳನ್ನು ಓದಲು ಬರಲೇಬೇಕೆಂಬ ಭಾರತೀಯ ಮಾನಕ ಬಂದದ್ದು ಇನ್ನೂ ತಡವಾಗಿ, 2016ರಲ್ಲಿ. ಊಟ ಮುಗಿದ ಮೇಲೆ ಎಲೆ ಹಾಸಿದಂತೆ.

ತಡವಾಗಿ ಬರುವುದರ ಫಲಕ್ಕೆ ಇನ್ನೊಂದು ಸಣ್ಣ, ಆದರೆ ಕನ್ನಡಿಗರಿಗೆ ನೋವು ತರುವ ನಿದರ್ಶನವಿದೆ. ಹಳಗನ್ನಡದಲ್ಲಿ ೞ ಎಂಬ ಅಕ್ಷರವಿತ್ತು. ಕೇಶಿರಾಜನು 13ನೆಯ ಶತಮಾನದಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ಅದರ ವಿಚಾರವನ್ನು ಎಷ್ಟು ಎಚ್ಚರದಿಂದ ಚರ್ಚಿಸಿದ್ದಾನೆಂಬುದು ಕನ್ನಡ ಪಂಡಿತರಿಗೆ ತಿಳಿದ ಸಂಗತಿ. ಆ ಧ್ವನಿ ತಮಿಳು, ಮಲಯಾಳಗಳಲ್ಲಿ ಇಂದಿಗೂ ಜೀವಂತವಾಗಿದೆ. ಲೋಕದ ಎಲ್ಲ ಲಿಪಿಗಳಿಗೂ ಗಣಕಯಂತ್ರದಲ್ಲಿ ಒಂದೊಂದು ಸಂಖ್ಯೆ ನೀಡುವ ಯೂನಿಕೋಡ್ ಮಾನದಂಡದಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ದೊರೆಯಿತು. ಆದರೆ ಅದಕ್ಕೆ ಇಟ್ಟ ಹೆಸರು ಇಂಗ್ಲಿಷಿನ ಎಫ್ ಧ್ವನಿಯ ‘ಫ’! ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸಕೂಡದೆಂಬುದು ಆ ಮಾನದಂಡದ ಕಟ್ಟುನಿಟ್ಟಾದ ನಿಯಮ. ಬದಲಿಸಿದರೆ ಆ ಹೆಸರನ್ನು ನಂಬಿದ ಯಂತ್ರಗಳು ದಾರಿತಪ್ಪುತ್ತವೆ. ಆದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯ ಉಪನಾಮವಾಗಿ ನಮೂದಿಸಲಾಗಿದೆ. ಶಬ್ದಮಣಿದರ್ಪಣವನ್ನು ಓದಿದ ಒಬ್ಬನೇ ಒಬ್ಬನು ಆ ಪಟ್ಟಿ ಅಂತಿಮಗೊಳ್ಳುವ ದಿನ ಅದರ ಮೇಲೆ ಕಣ್ಣಾಡಿಸಿದ್ದರೆ ಸಾಕಾಗಿತ್ತು.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರಬಹುದು. ಐದನೆಯ ತಲೆಮಾರಿನ ನಿಸ್ತಂತು ವ್ಯವಸ್ಥೆಯನ್ನು ಪರೀಕ್ಷಿಸುವ ಬಗೆಯನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2017ರಲ್ಲಿ ಒಂದು ವರದಿಯಾಗಿ ಪ್ರಕಟಿಸಿತು. ಯಾವ ತಂತ್ರಜ್ಞಾನವೇ ಆಗಲಿ, ಆ ವರದಿಯಲ್ಲಿ ಚಿತ್ರಿತವಾದ ಕಲ್ಪಿತ ನಗರ, ಕಲ್ಪಿತ ಹಳ್ಳಿಗಳಲ್ಲಿ ತೇರ್ಗಡೆಯಾಗಬೇಕು. ಆ ಕಲ್ಪಿತ ಹಳ್ಳಿಯ ವಿವರಗಳನ್ನು ಓದಿದರೆ ಕಥೆ ಓದಿದಂತಾಗುತ್ತದೆ. ಅಲ್ಲಿ ಒಂದು ಟವರಿನಿಂದ ಇನ್ನೊಂದು ಟವರಿಗೆ 1732 ಮೀಟರ್ ದೂರ. ಜನರಲ್ಲಿ ನೂರಕ್ಕೆ 50 ಮಂದಿ ಮನೆಯೊಳಗಿದ್ದಾರೆ. ಉಳಿದ 50 ಮಂದಿ ಕಾರಿನಲ್ಲಿ ಕುಳಿತು ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದಾರೆ. ನಡೆದು ಹೋಗುವವನು ಒಬ್ಬನೂ ಇಲ್ಲ. ಹೊಲದ ಬದುವಿನ ಮೇಲೆ, ಬಸ್ಸಿನ ನಿಲ್ದಾಣದಲ್ಲಿ, ಕಟ್ಟೆಯ ಮೇಲೆ ನಿಂತು ಮಾತನಾಡುವವನು ಆ ಹಳ್ಳಿಯಲ್ಲಿ ಹುಟ್ಟಿಯೇ ಇಲ್ಲ. ಬೀದಿಯ ಅಗಲ 20 ಮೀಟರ್. ಸೂತ್ರವನ್ನು 5 ಮೀಟರಿನವರೆಗೆ ಇಳಿಸಲು ಅವಕಾಶವಿದೆಯಾದರೂ ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಂಕಿ 20. ಎರಡು ಎತ್ತಿನ ಬಂಡಿಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಓಣಿಗಳು ಈ ಸೀಮೆಯ ಹಳೆಯ ಊರುಗಳಲ್ಲೆಲ್ಲ ಇವೆ. ಅವು ಆ ಸೂತ್ರದ ಎಲ್ಲೆಯಿಂದಲೇ ಹೊರಗೆ.

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಅಂಕಿಗಳನ್ನು ತಂದವರು ತಮ್ಮ ನಾಡಿನ ಹಳ್ಳಿಯನ್ನು ಪ್ರಾಮಾಣಿಕವಾಗಿಯೇ ಅಳೆದು ತಂದಿದ್ದರು. ಅಲ್ಲಿ ರೈತನ ಮನೆ ಅವನ ಹೊಲದ ನಡುವೆ ಒಂಟಿಯಾಗಿರುತ್ತದೆ. ಅವನು ಹೊರಗೆ ಹೊರಟನೆಂದರೆ ಕಾರಿನಲ್ಲಿಯೇ. ಭಾರತದ ಹಳ್ಳಿಯ ವಿನ್ಯಾಸ ಬೇರೆ. ಮನೆಗಳೆಲ್ಲ ಒತ್ತಾಗಿ ಒಂದೆಡೆ, ಸುತ್ತಲೂ ಕೆಲವು ಕಿಲೋಮೀಟರುಗಳಷ್ಟು ಹೊಲ, ಆಮೇಲೆ ಮುಂದಿನ ಊರು. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯಲ್ಲಿ ಬೆಳಕಿನ ತಂತಿಯನ್ನು ಎಳೆದದ್ದು ಗ್ರಾಮಪಂಚಾಯತಿ ಕೇಂದ್ರಗಳವರೆಗೆ. ಟವರು ಅಲ್ಲಿ ನಿಲ್ಲುವುದು ಸಹಜ. ಸುತ್ತಲಿನ ಚಿಕ್ಕ ಊರುಗಳು ಅಲ್ಲಿಂದಲೇ ಸಂಪರ್ಕ ಪಡೆಯಬೇಕು. 2014ರಲ್ಲಿ ಸ್ಥಾಪನೆಯಾದ ಟಿಎಸ್‌ಡಿಎಸ್‌ಐ ಎಂಬ ಭಾರತೀಯ ದೂರಸಂಪರ್ಕ ಮಾನದಂಡ ಸಂಸ್ಥೆಯ ಮೂಲಕ ವಿಜ್ಞಾನಿಗಳು ಈ ವಾದವನ್ನು ಒಕ್ಕೂಟದ ಮುಂದಿಟ್ಟು, ಹಳ್ಳಿಯ ಪರೀಕ್ಷೆಗೆ ಇನ್ನೊಂದು ಮಾದರಿಯನ್ನು ಸೇರಿಸುವುದರಲ್ಲಿ ಯಶಸ್ವಿಗಳಾದರು. ‘ಕಡಿಮೆ ಚಲನೆ, ದೊಡ್ಡ ವಲಯ’ ಎಂಬುದು ಅದರ ಹೆಸರಿನ ಅರ್ಥ. ಅದರಲ್ಲಿ ಟವರಿನಿಂದ ಟವರಿಗೆ 6000 ಮೀಟರ್. ನೂರಕ್ಕೆ 40 ಮಂದಿ ಮನೆಯೊಳಗೆ, 40 ಮಂದಿ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ನಡೆಯುವವರು, 20 ಮಂದಿ ಗಂಟೆಗೆ 30 ಕಿಲೋಮೀಟರ್ ವೇಗದ ವಾಹನದಲ್ಲಿ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳ ಹಿಂದೆ ಬಸ್ಸಿನಲ್ಲಿ ಪ್ರಯಾಣ ಮಾಡಿದವರು 30 ಎಂಬ ಅಂಕಿಯನ್ನು ಒಪ್ಪದೆ ಇರಲಾರರು. ಕಾಲ್ನಡಿಗೆಯ ಮನುಷ್ಯನು ಹಳ್ಳಿಯಲ್ಲಿಯೂ ಇದ್ದಾನೆಂದು ಲೋಕದ ಮಾನದಂಡ ಒಪ್ಪಿಕೊಂಡದ್ದು ಹೀಗೆ.

ಟವರುಗಳ ನಡುವಣ ದೂರ 1732ರಿಂದ 6000ಕ್ಕೆ ಏರಿದರೆ ಒಂದು ಟವರು ನೋಡಿಕೊಳ್ಳಬೇಕಾದ ನೆಲ ಮೂರುವರೆ ಪಟ್ಟಲ್ಲ, 12 ಪಟ್ಟು ಆಗುತ್ತದೆ. ಪ್ರೌಢಶಾಲೆಯ ಕ್ಷೇತ್ರಗಣಿತ ಬಲ್ಲವರು ಲೆಕ್ಕ ಹಾಕಬಹುದು. ಇಷ್ಟು ದೂರದಲ್ಲಿ ಎದುರಾಗುವ ತೊಡಕು ವಿಚಿತ್ರವಾದುದು. ಊರಿನಲ್ಲಿ ಡಂಗುರ ಸಾರುವವನ ದನಿ ಕೊನೆಯ ಮನೆಯವರೆಗೂ ಕೇಳುತ್ತದೆ. ಕೊನೆಯ ಮನೆಯ ಮುದುಕಿ ಮಲಗಿದಲ್ಲಿಂದಲೇ ಕೊಟ್ಟ ಉತ್ತರ ಅವನಿಗೆ ಕೇಳುವುದಿಲ್ಲ. ಟವರಿಗೆ ವಿದ್ಯುತ್ತಿನ ಬಲವಿದೆ, ಅದರ ಸಂಕೇತ ಫೋನನ್ನು ಮುಟ್ಟುತ್ತದೆ. ಫೋನಿನ ಚಿಕ್ಕ ಬ್ಯಾಟರಿಯಿಂದ ಹೊರಟ ಮರುಸಂಕೇತ ಟವರನ್ನು ಮುಟ್ಟುವುದಿಲ್ಲ. ಫೋನಿನ ಪರದೆಯ ಮೇಲೆ ಗೆರೆಗಳು ಕಾಣುತ್ತಿದ್ದರೂ ಮಾತು ಹೋಗದಿರುವುದಕ್ಕೆ ಇದು ಒಂದು ಕಾರಣ. ಫೋನು ಕಳಿಸುವ ಅಲೆಯಲ್ಲಿ ಏರಿಳಿತದ ಶಿಖರಗಳು ಹೆಚ್ಚಾಗಿದ್ದರೆ ಅದರ ವರ್ಧಕವು ಶಿಖರಗಳಿಗಾಗಿ ಶಕ್ತಿಯನ್ನು ಕಾದಿರಿಸಿಕೊಂಡು ಸರಾಸರಿಯಲ್ಲಿ ಮೆಲ್ಲನೆ ಮಾತನಾಡಬೇಕಾಗುತ್ತದೆ. ಶಿಖರಗಳನ್ನು ತಗ್ಗಿಸಿ ಅಲೆಯನ್ನು ಸಮಗೊಳಿಸಿದರೆ ಅದೇ ಬ್ಯಾಟರಿ, ಅದೇ ಫೋನು ಹೆಚ್ಚು ಗಟ್ಟಿಯಾಗಿ ಕೂಗಬಲ್ಲದು. ಹೈದರಾಬಾದು, ಮದರಾಸುಗಳ ತಂತ್ರಜ್ಞಾನ ಸಂಸ್ಥೆಗಳ ಸಂಶೋಧಕರು ಬೆಳೆಸಿದ ಈ ವಿಚಾರವು 5ಜಿಐ ಎಂಬ ಹೆಸರಿನ ಪ್ರತ್ಯೇಕ ಮಾನದಂಡವಾಗಿ ರೂಪುಗೊಂಡಿತು. 2021ರಲ್ಲಿ ಒಕ್ಕೂಟವು ಐದನೆಯ ತಲೆಮಾರಿಗೆ ಮಾನ್ಯಮಾಡಿದ ಮೂರು ತಂತ್ರಜ್ಞಾನಗಳಲ್ಲಿ ಅದೂ ಒಂದು.

ದೇಶವು ಹೆಮ್ಮೆಪಡಬೇಕಾದ ಈ ಗಳಿಗೆಯಲ್ಲಿ ದೇಶದೊಳಗಿನಿಂದಲೇ ವಿರೋಧ ಎದ್ದಿತು. ಸೇವೆ ನೀಡುವ ಕಂಪನಿಗಳು ಮತ್ತು ಉಪಕರಣ ತಯಾರಕರು, ಭಾರತಕ್ಕೆಂದೇ ಬೇರೆ ಫೋನು ತಯಾರಿಸಿದರೆ ಬೆಲೆ ಏರುತ್ತದೆ, ಹೊರದೇಶದ ಜಾಲಗಳೊಡನೆ ಹೊಂದಾಣಿಕೆ ಕೆಡುತ್ತದೆ ಎಂದು ವಾದಿಸಿದರು. ಇದನ್ನು ಲಾಭಕೋರರ ಕೂಗೆಂದು ತಳ್ಳಿಹಾಕಿದವರುಂಟು. ಅದು ನ್ಯಾಯವಲ್ಲ. ಗುಂತಕಲ್ಲಿನ ಹಮಾಲರ ಬೆನ್ನನ್ನು ನೆನೆದವರು ಎರಡು ಗೇಜುಗಳ ಮಾತನ್ನು ಹಗುರವಾಗಿ ಆಡಲಾರರು. ದೂರದವರೆಗೆ ಕೇಳುವ ಫೋನು ಕೂಲಿಯವನ ಕೈಗೆಟುಕದ ಬೆಲೆಯದಾದರೆ ಆ ದೂರದಿಂದ ಅವನಿಗೆ ಬಂದ ಭಾಗ್ಯವೇನು? 1998ರಲ್ಲಿ ಹುಟ್ಟಿದ 3ಜಿಪಿಪಿ ಎಂಬ ಜಾಗತಿಕ ಕೂಟವು ಜಪಾನ್, ಅಮೆರಿಕ, ಚೀನಾ, ಯೂರೋಪ್, ಕೊರಿಯಾಗಳ ಮಾನದಂಡ ಸಂಸ್ಥೆಗಳೊಡನೆ ಭಾರತದ ಸಂಸ್ಥೆಯನ್ನೂ ಪಾಲುದಾರನನ್ನಾಗಿ ಹೊಂದಿದೆ. ಲೋಕದ ಬಹುತೇಕ ಫೋನುಗಳು ಅದರ ನಿಯಮವನ್ನೇ ಅನುಸರಿಸುತ್ತವೆ. ಕೊನೆಗೆ 2021ರ ಡಿಸೆಂಬರಿನಲ್ಲಿ 5ಜಿಐಯನ್ನು ಆ ಕೂಟದ 17ನೆಯ ಆವೃತ್ತಿಯೊಡನೆ ವಿಲೀನಗೊಳಿಸುವ ಒಪ್ಪಂದವಾಯಿತು. ಪ್ರತ್ಯೇಕ ಧ್ವಜ ಇಳಿಯಿತು. 2022ರ ಅಕ್ಟೋಬರ್ 1ರಂದು ದೇಶದಲ್ಲಿ ಐದನೆಯ ತಲೆಮಾರಿನ ಸೇವೆ ಆರಂಭವಾದಾಗ ಎಲ್ಲರ ಕೈಯಲ್ಲಿದ್ದುದು ಲೋಕದ ಸಾಮಾನ್ಯ ಫೋನುಗಳೇ.

ಇದನ್ನು ಸೋಲೆನ್ನುವವರಿಗೆ ಚೀನಾದ ಉದಾಹರಣೆ ಬಾಯಿಪಾಠವಾಗಿದೆ. ಮೂರನೆಯ ತಲೆಮಾರಿನಲ್ಲಿ ಚೀನಾ ತನ್ನದೇ ಮಾನದಂಡವನ್ನು ಹಟಹಿಡಿದು ನಡೆಸಿತು. 2009ರಲ್ಲಿ ಅಲ್ಲಿನ ಅತಿ ದೊಡ್ಡ ಕಂಪನಿಯ ಮೂಲಕ ಜಾರಿಗೆ ತಂದಿತು. ಆ ಮಾನದಂಡ ಚೀನಾದ ಹೊರಗೆ ಬೆಳೆಯಲಿಲ್ಲ. ಆದರೆ ಆ ಹಟದಲ್ಲಿ ಸಾವಿರಾರು ಎಂಜಿನಿಯರುಗಳು ತಯಾರಾದರು. ನಾಲ್ಕನೆಯ, ಐದನೆಯ ತಲೆಮಾರುಗಳಲ್ಲಿ ಸಾಮಾನ್ಯ ಮಾನದಂಡದೊಳಗೇ ಅವರ ಮಾತಿಗೆ ಬೆಲೆ ಬಂದಿತು. ಪ್ರತ್ಯೇಕ ಮಾನದಂಡದ ನಿಜವಾದ ಫಲ ಮಾನದಂಡವಲ್ಲ, ಅದನ್ನು ಕಟ್ಟಿದ ಜನ. ಭಾರತಕ್ಕೆ 5ಜಿಐಯಿಂದ ಉಳಿದ ಲಾಭವನ್ನೂ ಹಾಗೆಯೇ ಅಳೆಯತಕ್ಕದ್ದು. ಧ್ವಜ ಇಳಿದರೂ 6000 ಮೀಟರ್ ಎಂಬ ಅಂಕಿ ಒಕ್ಕೂಟದ ವರದಿಯಿಂದ ಅಳಿಸಿಹೋಗಲಿಲ್ಲ. ಪ್ರತ್ಯೇಕ ತಂತ್ರಜ್ಞಾನಕ್ಕಿಂತ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆಯನ್ನು ಸೇರಿಸಿದ್ದೇ ದೊಡ್ಡ ಸಾಧನೆ. ಏಕೆಂದರೆ ಆ ಪ್ರಶ್ನೆಗೆ ಲೋಕದ ಪ್ರತಿಯೊಬ್ಬರೂ ಉತ್ತರಿಸಬೇಕಾಗುತ್ತದೆ.

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರ ಸುಲಭವಲ್ಲ. ದೂರದ ಟವರಿನಿಂದಲೂ ಸಂಪರ್ಕ ಸಾಧ್ಯವೆಂದು ಮಾನದಂಡದಲ್ಲಿಯೇ ಬರೆದುಕೊಟ್ಟರೆ, ಕಂಪನಿಗಳು ಹಳ್ಳಿಗಳಲ್ಲಿ ಹೆಚ್ಚು ಟವರು ನಿಲ್ಲಿಸುವ ಹೊಣೆಯಿಂದ ನುಣುಚಿಕೊಳ್ಳುವುದಿಲ್ಲವೇ? ನಗರಕ್ಕೆ ಹತ್ತು ಹೆಜ್ಜೆಗೊಂದು, ಹಳ್ಳಿಗೆ ಹರದಾರಿಗೊಂದು ಎಂಬುದು ಶಾಶ್ವತವಾಗಿ ಉಳಿಯುವುದಿಲ್ಲವೇ? ಈ ಭಯಕ್ಕೆ ಆಧಾರವಿದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲು ಪುಸ್ತಕದ ಚೀಲದೊಡನೆ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದುದನ್ನು ನಾಡೆಲ್ಲ ಕಂಡಿದೆ. ಆ ಮಕ್ಕಳಿಗೆ ಬೇಕಾಗಿದ್ದುದು ಜಾಣತನದ ಅಲೆಯಲ್ಲ, ಹತ್ತಿರದ ಟವರು. ಆದರೆ ಟವರು ನಿಲ್ಲಿಸುವುದು ಸರ್ಕಾರದ, ಕಂಪನಿಗಳ ಕರ್ತವ್ಯ. ಅದನ್ನು ಚುನಾವಣೆಯಲ್ಲಿ, ಪಂಚಾಯತಿಯಲ್ಲಿ, ಅಗತ್ಯವಾದರೆ ನ್ಯಾಯಾಲಯದಲ್ಲಿ ಕೇಳಬಹುದು. ಮಾನದಂಡದಲ್ಲಿ ಹಳ್ಳಿಯೇ ಇಲ್ಲದಿದ್ದರೆ ಮುಂದೆ ಎಲ್ಲಿಯೂ ಕೇಳಲು ಅವಕಾಶವಿಲ್ಲ. 6000 ಮೀಟರ್ ಎಂಬುದು ಕನಿಷ್ಠದ ಪರೀಕ್ಷೆಯೇ ಹೊರತು ಗರಿಷ್ಠದ ಅನುಮತಿಯಲ್ಲವೆಂದು ಸಂಬಂಧಪಟ್ಟವರು ಸ್ಪಷ್ಟವಾಗಿ ಹೇಳುತ್ತಿರಬೇಕು. ಹೇಳದಿದ್ದರೆ ಆಕ್ಷೇಪ ಮಾಡುವವರ ಮಾತೇ ನಿಜವಾದೀತು.

ಈಗ ಆರನೆಯ ತಲೆಮಾರಿನ ಕೆಲಸ ನಡೆದಿದೆ. 2023ರ ನವೆಂಬರಿನಲ್ಲಿ ಒಕ್ಕೂಟವು ಒಪ್ಪಿದ ಚೌಕಟ್ಟಿನ ಆರು ಬಳಕೆಗಳಲ್ಲಿ ‘ಎಲ್ಲೆಡೆಯ ಸಂಪರ್ಕ’ ಎಂಬುದೂ ಒಂದು. ಮಾನದಂಡಗಳನ್ನು ಕುರಿತ ಒಕ್ಕೂಟದ ಜಾಗತಿಕ ಸಭೆ 2024ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಸೇರಿತು. ಇವು ಸಂತೋಷದ ಸಂಗತಿಗಳೇ. ಆದರೆ ಸಭೆಗೆ ಆತಿಥ್ಯ ನೀಡುವುದು ಬೇರೆ, ಸಭೆಯ ಮುಂದಿಡಲು ಅಂಕಿಗಳನ್ನು ಕೈಯಲ್ಲಿ ಹಿಡಿದಿರುವುದು ಬೇರೆ. ಅಲ್ಲಿ ಭಾಷಣಕ್ಕೆ ಬೆಲೆಯಿಲ್ಲ, ಅಳತೆಗೆ ಬೆಲೆ. ಬೆಂಗಳೂರಿನ ಎಷ್ಟೋ ಎಂಜಿನಿಯರುಗಳು ಹೊರದೇಶದ ಕಂಪನಿಗಳ ಪರವಾಗಿ ಈ ಕೆಲಸದಲ್ಲಿ ತೊಡಗಿದ್ದಾರೆ. ಅವರ ಪ್ರತಿಭೆಯಲ್ಲಿ ಸಂದೇಹವಿಲ್ಲ. ಕಂಪನಿ ಕೇಳಿದ ಅಂಕಿಯನ್ನು ಅವರು ಒದಗಿಸುತ್ತಾರೆ. ಸಂಡೂರಿನ ಅಂಕಿಯನ್ನು ಯಾರೂ ಅವರಿಂದ ಕೇಳಿಲ್ಲ.

ಸಂಡೂರಿನ ಅಂಕಿ ಸಾಮಾನ್ಯವಾದುದಲ್ಲ. ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ತುಂಬಿದ ಬೆಟ್ಟಗಳು ಕಣಿವೆಯನ್ನು ಸುತ್ತುವರಿದಿವೆ. ಭೀಮಗಂಡಿ, ಓಬಳಗಂಡಿಗಳಂಥ ಇಕ್ಕಟ್ಟಾದ ದಾರಿಗಳಲ್ಲಿ ಹಳ್ಳ ಹರಿಯುವಂತೆ ಅಲೆಗಳೂ ನುಸುಳಬೇಕು. ಹಂಪೆ, ಕಂಪ್ಲಿಗಳ ಕಡೆ ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ನಿಂತಿವೆ. ತುಂಗಭದ್ರೆಯ ನಾಲೆಗಳ ಕೆಳಗೆ ಭತ್ತ, ಕಬ್ಬು, ಬಾಳೆಯ ತೇವದ ಹಸಿರು ವರ್ಷದ ಬಹುಭಾಗ ಹರಡಿರುತ್ತದೆ. ಕುರೆಕುಪ್ಪದ ಮಗ್ಗುಲಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿದೆ. ಲೋಹದ ಭಾರಿ ಕಟ್ಟಡಗಳಿಗೆ ತಗುಲಿ ಅಲೆಗಳು ಚದರುತ್ತವೆ. ಬೆಟ್ಟ, ಬಂಡೆ, ಬೆಳೆ, ಉಕ್ಕು ಇವೆಲ್ಲ ಮೂವತ್ತು ನಲವತ್ತು ಕಿಲೋಮೀಟರುಗಳೊಳಗೆ ದೊರೆಯುವ ಪ್ರಯೋಗಶಾಲೆ ಬೇರೆಡೆ ಅಪರೂಪ. ಬಳ್ಳಾರಿ, ಹೊಸಪೇಟೆಗಳ ತಾಂತ್ರಿಕ ಮಹಾವಿದ್ಯಾಲಯಗಳಲ್ಲಿ ವರ್ಷವರ್ಷವೂ ನೂರಾರು ವಿದ್ಯಾರ್ಥಿಗಳು ಅಂತಿಮ ವರ್ಷದ ಯೋಜನೆಯೆಂದು ಪುಸ್ತಕದಿಂದಲೋ ಹಿಂದಿನವರ ವರದಿಯಿಂದಲೋ ನಕಲು ತೆಗೆದು ರಟ್ಟು ಹಾಕಿಸುವುದು ಎಲ್ಲರಿಗೂ ತಿಳಿದ ಗುಟ್ಟು. ಅವರಲ್ಲಿ ಹತ್ತು ಮಂದಿ ಈ ಕಣಿವೆಯಲ್ಲಿ ಸಂಕೇತದ ಬಲವನ್ನು ಋತುವಿಂದ ಋತುವಿಗೆ ಅಳೆದು ದಾಖಲಿಸಿದರೂ ಅದು ಮಾನದಂಡ ಸಂಸ್ಥೆಯ ಮುಂದಿಡಲು ಯೋಗ್ಯವಾದ ಸಾಮಗ್ರಿಯಾಗುತ್ತದೆ. ಭಾರತೀಯ ಸಂಸ್ಥೆಯಲ್ಲಿ ವಿದ್ಯಾಸಂಸ್ಥೆಗಳಿಗೆ ಸದಸ್ಯತ್ವವುಂಟು, ಬಾಗಿಲು ಮುಚ್ಚಿಲ್ಲ.

ಪ್ರೌಢಶಾಲೆಯ ಮಕ್ಕಳಿಂದಲೂ ಆಗುವ ಕೆಲಸವಿದೆ. ಬೀದಿಯ ಅಗಲವನ್ನು ಅಳೆಯಲು ಟೇಪು ಸಾಕು. ಮನೆಯ ಎತ್ತರವನ್ನು ನೆರಳಿನ ಉದ್ದದಿಂದ ತಿಳಿಯುವ ಕ್ರಮವನ್ನು ತ್ರಿಕೋನಮಿತಿಯ ಪಾಠದಲ್ಲಿ ಹೇಳಿಯೇ ಇರುತ್ತಾರೆ. ಊರಿನ ಪ್ರತಿ ಓಣಿಯ ಅಗಲ, ಮಣ್ಣಿನ ಮೇಲುಮುದ್ದೆ, ತಗಡು, ಸಿಮೆಂಟಿನ ತಾರಸಿಗಳಲ್ಲಿ ಯಾವುದು ಎಷ್ಟು ಮನೆಗಳಿಗಿದೆ, ಬೆಳಿಗ್ಗೆ ಎಂಟು ಗಂಟೆಗೆ ಊರಿನವರಲ್ಲಿ ಎಷ್ಟು ಮಂದಿ ಒಳಗೆ, ಎಷ್ಟು ಮಂದಿ ನಡಿಗೆಯಲ್ಲಿ, ಎಷ್ಟು ಮಂದಿ ವಾಹನದಲ್ಲಿ ಎಂಬುದನ್ನು ಒಂದು ತರಗತಿ ಒಂದು ವಾರದಲ್ಲಿ ಬರೆದಿಡಬಹುದು. ಆರನೆಯ ತಲೆಮಾರಿಗೆ ತಂತ್ರಜ್ಞಾನಗಳ ಪ್ರಸ್ತಾವಗಳನ್ನು ಒಕ್ಕೂಟವು 2027ರಿಂದ 2029ರವರೆಗೆ ಸ್ವೀಕರಿಸಲಿದ್ದು, ಅಂತಿಮ ಮಾನದಂಡ 2030ರ ವೇಳೆಗೆ ಹೊರಬರುವ ಯೋಜನೆಯಿದೆ. ಬೀದಿಯ ಅಗಲದ ಅಂಕಣದಲ್ಲಿ ಈಗ ಬರೆದಿರುವುದು 20 ಮೀಟರ್.